ಮುಂದಿನ ಆರು ಹಲ್ಲು, ಹಿಂದಿನ ಲೆಕ್ಕ

"ಮುಂದಿನವು ಅಷ್ಟ ನೆಟ್ಟಗ ಮಾಡಿ ಕೊಡ್ರಿ ಮೇಡಮ್ಮರ. ಹಿಂದಿನವು ಯಾರ್ ನೋಡ್ತಾರ?"

ದಸರೆ ಮುಗಿದ ವಾರ ಹುನಗುಂದದ ಕಡೆಯಿಂದ ಬಂದಿದ್ದ ತಾಯಿಯೊಬ್ಬರು ಕೇಳಿದ ಮಾತು ಇದು. ಪಕ್ಕದಲ್ಲಿ 24 ವರ್ಷದ ಮಗಳು, ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ವೈಶಾಖದಲ್ಲಿ ಲಗ್ನ. ಫೋಟೊದಲ್ಲಿ ಹಲ್ಲು ಕಾಣುವಂತೆ ನಗುವುದನ್ನು ಅವಳು ಹೈಸ್ಕೂಲಿನಲ್ಲೇ ಬಿಟ್ಟಿದ್ದಳಂತೆ. ಮೇಲಿನ ಸಾಲಿನ ಎಡಗಡೆಯ ಎರಡನೆಯ ಹಲ್ಲು ತುಸು ಒಳಕ್ಕೆ ಸರಿದು ತಿರುಗಿ ನಿಂತಿತ್ತು. ಕೆಳಗಿನ ಸಾಲಿನ ನಡುವೆ ಎರಡು ಹಲ್ಲು ಒಂದರ ಮೇಲೊಂದು ಏರಿದ್ದವು.

ಬಾಗಲಕೋಟೆಯ ನವನಗರದಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಕೆಲಸ ನನ್ನದು. ಇಂಥ ಬೇಡಿಕೆ ಮತ್ತೆ ಮತ್ತೆ ಬರುತ್ತದೆ, ಅದನ್ನು ಶೋಕಿ ಎಂದು ತಳ್ಳಿಹಾಕುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಹತ್ತು ವರ್ಷ ಬಾಯಿ ಮುಚ್ಚಿಕೊಂಡು ನಕ್ಕ ಹುಡುಗಿಗೆ ಅದು ಶೋಕಿಯಲ್ಲ. ಮುಂದಿನ ಹಲ್ಲುಗಳನ್ನಷ್ಟೇ ಸಾಲಿಗೆ ತರುವ ಚಿಕಿತ್ಸೆ ನಿಜಕ್ಕೂ ಇದೆ, ಸೀಮಿತ ಚಿಕಿತ್ಸೆ ಎಂದು ಅದಕ್ಕೆ ಹೆಸರು. ಮೇಲಿನ ಆರು, ಕೆಳಗಿನ ಆರು, ಅಂದರೆ ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಮಾತ್ರ ಕೈ ಹಾಕುವುದು. ಕೆಲವೊಮ್ಮೆ ಅತ್ತಿತ್ತ ಒಂದೊಂದು ಹಲ್ಲು ಹೆಚ್ಚು ಸೇರುತ್ತದೆ. ಪೂರ್ತಿ ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಬೇಕಾದರೆ ಇದು ಆರು ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ ಯಾರಿಗೆ ಇದು ಒಗ್ಗುತ್ತದೆ ಎಂಬುದನ್ನು ಹೇಳುವುದು ಹಿಂದಿನ ಹಲ್ಲುಗಳೇ. ಅದಕ್ಕೇ ಆ ತಾಯಿಗೆ ಹೇಳಿದೆ, "ಹಿಂದಿನವು ನಾನ್ ನೋಡ್ತೀನ್ರಿ ಅವ್ವಾರ. ಮೊದಲು ಅವನ್ನ ನೋಡ್ತೀನಿ."

ಹಾಗೆ ನೋಡುವ ಕ್ರಮ ಹಳೆಯದು. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರ ಹಲ್ಲುಗಳನ್ನು ಮೂರು ವರ್ಗವಾಗಿ ವಿಂಗಡಿಸಿದಾಗ ಆಧಾರವಾಗಿ ಹಿಡಿದದ್ದು ಆರನೆಯ ವರ್ಷದ ಹೊತ್ತಿಗೆ ಹುಟ್ಟುವ ಮೊದಲ ದವಡೆ ಹಲ್ಲನ್ನು. ಮೇಲಿನ ಆ ಹಲ್ಲು ಕೆಳಗಿನದರ ಜೊತೆ ಹೇಗೆ ಕೂಡುತ್ತದೆ ಎಂಬುದರ ಮೇಲೆ ಇಡೀ ಬಾಯಿಯ ಕಚ್ಚು ನಿಂತಿದೆ ಎಂದು ಅವರ ಎಣಿಕೆ. ಇವತ್ತಿಗೂ ನಾವು ಕೆನ್ನೆಯನ್ನು ಕನ್ನಡಿಯಿಂದ ಪಕ್ಕಕ್ಕೆ ಸರಿಸಿ ನೋಡುವ ಮೊದಲ ಜಾಗ ಅದೇ. ಅಲ್ಲಿ ಮೇಲಿನ ಹಲ್ಲು ಕೆಳಗಿನದರ ತಗ್ಗಿಗೆ ಸರಿಯಾಗಿ ಕೂತಿದ್ದರೆ, ಅಗಿಯುವಾಗ ಎರಡೂ ಬದಿ ಒಟ್ಟಿಗೆ ಮುಟ್ಟುತ್ತಿದ್ದರೆ, ಮುಂದಿನ ಸಾಲಿನ ತೊಂದರೆ ಮುಂದಿನದಷ್ಟೇ. ಹಿಂದಿನ ಕಚ್ಚೇ ತಪ್ಪಿದ್ದರೆ ಮುಂದಿನ ಹಲ್ಲು ವಕ್ರವಾಗಿರುವುದು ಆ ತಪ್ಪಿನ ಒಂದು ಗುರುತು. ಗುರುತನ್ನು ಅಳಿಸಿದರೆ ತಪ್ಪು ಹಾಗೇ ಉಳಿಯುತ್ತದೆ.

ಈ ಹುಡುಗಿಯ ದವಡೆ ಹಲ್ಲುಗಳು ಚೆನ್ನಾಗಿ ಕೂಡುತ್ತಿದ್ದವು. ಎರಡನೆಯ ಪ್ರಶ್ನೆ, ಜಾಗದ್ದು.

ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂವರ ಸೀಟಿನಲ್ಲಿ ನಾಲ್ವರು ಕೂಡಬೇಕು. ಒಬ್ಬರು ಎದ್ದು ನಿಲ್ಲಬಹುದು. ಎಲ್ಲರೂ ಭುಜ ಒತ್ತಿ ಒಂದಿಷ್ಟು ಸಣ್ಣಗಾಗಬಹುದು. ಒಬ್ಬರು ಸೀಟಿನ ಅಂಚಿಗೆ ಬಂದು ಮೊಣಕಾಲು ದಾರಿಗೆ ಚಾಚಬಹುದು. ಇವು ಯಾವುವೂ ಬೇಡವೆಂದರೆ ಸೀಟೇ ಅಗಲವಾಗಬೇಕು. ವಕ್ರ ಹಲ್ಲಿಗೂ ದಾರಿ ಇವೇ. ಹಲ್ಲು ಕೀಳಿಸುವುದು, ಹಲ್ಲುಗಳ ಪಕ್ಕವನ್ನು ತೆಳ್ಳಗೆ ಉಜ್ಜುವುದು, ಹಲ್ಲುಗಳನ್ನು ತುಸು ಮುಂದಕ್ಕೆ ಬಾಗಿಸುವುದು, ದವಡೆಯ ಕಮಾನನ್ನು ಅಗಲಿಸುವುದು. ಅಗಲಿಸುವುದು ಬೆಳೆಯುವ ಮಕ್ಕಳಲ್ಲಿ ಸುಲಭ, ಅಂಗುಳಿನ ನಡುವಿನ ಬೆಸುಗೆ ಆಗಿನ್ನೂ ಗಟ್ಟಿಯಾಗಿರುವುದಿಲ್ಲ. ಹಲ್ಲು ಕಿತ್ತರೆ ಏಳು ಮಿಲಿಮೀಟರಿನಷ್ಟು ಖಾಲಿ ಜಾಗ ಉಳಿಯುತ್ತದೆ, ಅದನ್ನು ಮುಚ್ಚಲು ಹಿಂದಿನ ಹಲ್ಲುಗಳ ಆಸರೆ ಬೇಕು. ಹಾಗಾಗಿ ಮುಂದಿನ ಹಲ್ಲಿಗಷ್ಟೇ ಕ್ಲಿಪ್ ಹಾಕುವವರ ಕೈಯಲ್ಲಿ ನಿಜವಾಗಿ ಉಳಿಯುವುದು ನಡುವಿನ ಎರಡೇ ದಾರಿ, ಉಜ್ಜುವುದು ಮತ್ತು ಬಾಗಿಸುವುದು. ಎರಡಕ್ಕೂ ಮಿತಿ ಇದೆ. ಮೂರು ನಾಲ್ಕು ಮಿಲಿಮೀಟರ್ ಜಾಗ ಕಡಿಮೆ ಬಿದ್ದರೆ ಹೊಂದಿಸಬಹುದು. ಏಳೆಂಟು ಕಡಿಮೆ ಬಿದ್ದವರಿಗೆ ಇದನ್ನು ಮಾಡಿದರೆ ಸೀಟಿನ ಅಂಚಿಗೆ ಬಂದವರು ಕೆಳಗೇ ಬೀಳುತ್ತಾರೆ. ಕೆಳಗಿನ ಮುಂದಿನ ಹಲ್ಲುಗಳ ಎದುರಿಗೆ ಇರುವ ಮೂಳೆ ತೀರಾ ತೆಳ್ಳಗೆ. ಹಲ್ಲನ್ನು ಅದರಾಚೆ ದೂಡಿದರೆ ವಸಡು ಕೆಳಗಿಳಿದು ಬೇರು ಕಾಣತೊಡಗುತ್ತದೆ. ಇಳಿದ ವಸಡು ತಾನಾಗಿ ಮೇಲೆ ಬರುವುದಿಲ್ಲ.

ಎಷ್ಟು ಕಡಿಮೆ ಬಿದ್ದಿದೆ ಎಂದು ಕಣ್ಣಳತೆಯಲ್ಲಿ ಹೇಳಬಾರದು. ಅವಳ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದೆ. ತೆಳುವಾದ ಹಿತ್ತಾಳೆ ತಂತಿಯನ್ನು ಆ ಕಮಾನಿನುದ್ದಕ್ಕೆ ಬಾಗಿಸಿ, ಮತ್ತೆ ನೆಟ್ಟಗೆ ಮಾಡಿ ಅಳೆದರೆ ಸಿಗುವುದು ಇರುವ ಜಾಗ. ಪ್ರತಿ ಹಲ್ಲಿನ ಅಗಲ ಅಳೆದು ಕೂಡಿಸಿದರೆ ಬರುವುದು ಬೇಕಾದ ಜಾಗ. ಕೆಳಗಿನ ಸಾಲಿನಲ್ಲಿ ಮೂರು ಮಿಲಿಮೀಟರ್ ಕಡಿಮೆ ಇತ್ತು. ಆರು ಹಲ್ಲುಗಳ ನಡುವೆ ಐದು ಸಂದು. ಒಂದೊಂದು ಸಂದಿನಲ್ಲಿ 0.4 ಮಿ.ಮೀ. ತೆಗೆದರೆ, ಅಂದರೆ ಒಂದು ಬದಿಗೆ 0.2, ಎರಡು ಮಿಲಿಮೀಟರ್ ಸಿಗುತ್ತದೆ. ಇನ್ನೊಂದು ಮಿಲಿಮೀಟರಿಗೆ ಹಲ್ಲುಗಳು ತುಸು ಮುಂದಕ್ಕೆ ಬಾಗಿದರೆ ಸಾಕು. ಲೆಕ್ಕ ಕೂಡಿತು. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದೇ ತೋರಿಸುತ್ತೇನೆ. ಹತ್ತಿ ತೂಗಿ ಮಾರುವ ಮನೆಯವರಿಗೆ ಅಳತೆ ಅರ್ಥವಾಗದು ಎಂದುಕೊಳ್ಳುವುದು ವೈದ್ಯರ ತಪ್ಪು.

ಉಜ್ಜುವುದು ಎಂದೊಡನೆ ಎಲ್ಲರೂ ಹೆದರುತ್ತಾರೆ. ವಜ್ರದ ಪುಡಿ ಅಂಟಿಸಿದ, ಕಾಗದದಷ್ಟು ತೆಳ್ಳಗಿನ ಲೋಹದ ಪಟ್ಟಿಯನ್ನು ಎರಡು ಹಲ್ಲುಗಳ ನಡುವೆ ಹಾಕಿ ಹಿಂದೆ ಮುಂದೆ ಆಡಿಸುತ್ತೇವೆ. ಸದ್ದು ಕಿವಿಗೆ ಕೆಟ್ಟದಾಗಿ ಕೇಳುತ್ತದೆ, ನೋವು ಇರುವುದಿಲ್ಲ. ಹಲ್ಲಿನ ಮೇಲ್ಪದರವಾದ ಎನಾಮಲ್‌ಗೆ ನರವಿಲ್ಲ. ಆ ಬದಿಯಲ್ಲಿರುವ ಎನಾಮಲ್‌ನ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ನಾವು ದಾಟದ ಗೆರೆ. ಉಜ್ಜಿದ ಮೇಲೆ ನುಣುಪು ಮಾಡಿ ಫ್ಲೋರೈಡ್ ಲೇಪ ಹಚ್ಚುತ್ತೇವೆ.

ಇನ್ನು ಹಲ್ಲು ಸರಿಯುವುದು ಹೇಗೆ? ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ಮೂಳೆಯಲ್ಲಿ ನೆಟ್ಟಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪೊರೆಯಿದೆ. ಹೊರಸಿನ ಹಗ್ಗದಂತೆ ಆ ನಾರುಗಳು ಹಲ್ಲನ್ನು ತೂಗಿ ಹಿಡಿದಿರುತ್ತವೆ. ಒಂದು ಕಡೆಯಿಂದ ಹಗುರಾಗಿ, ಬಿಡದೆ ಒತ್ತಿದರೆ ಒತ್ತಿದ ಬದಿಯಲ್ಲಿ ನಾರು ಅಮುಕುತ್ತದೆ, ಅಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳು ಬಂದು ದಾರಿ ಬಿಡಿಸುತ್ತವೆ. ಎದುರು ಬದಿಯಲ್ಲಿ ನಾರು ಜಗ್ಗುತ್ತದೆ, ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಹಲ್ಲನ್ನು ಬಾಗಿಸಲು ಬೇಕಾದ ಬಲ 35ರಿಂದ 60 ಗ್ರಾಂ, ಒಂದು ನಿಂಬೆಹಣ್ಣಿನ ತೂಕ. "ಲಗೂ ಆಗ್ಲಿ, ಜೋರ್ ಬಿಗೀರಿ" ಎಂದು ಹುಡುಗರು ಕೇಳುತ್ತಾರೆ. ಜೋರಾಗಿ ಬಿಗಿದರೆ ಪೊರೆಯೊಳಗಿನ ರಕ್ತ ಸಂಚಾರ ನಿಂತು ಆ ಭಾಗ ಸಾಯುತ್ತದೆ, ಹಲ್ಲು ವಾರಗಟ್ಟಲೆ ಅಲುಗದೆ ನಿಲ್ಲುತ್ತದೆ, ನೋವು ಹೆಚ್ಚುತ್ತದೆ, ಬೇರಿನ ತುದಿ ಸವೆದು ಮೋಟಾಗುವ ಅಪಾಯವೂ ಇದೆ.

ಅಷ್ಟು ಹಗುರಾದ ಬಲವನ್ನು ತಿಂಗಳುಗಟ್ಟಲೆ ಒಂದೇ ಸಮ ಕೊಡುವುದು ತಂತಿಯ ಕೆಲಸ. ಆರಂಭದ ತಂತಿ 0.36 ಮಿ.ಮೀ. ದಪ್ಪ, ನಿಕ್ಕಲ್ ಮತ್ತು ಟೈಟೇನಿಯಂ ಕೂಡಿದ ಮಿಶ್ರಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಈ ಲೋಹದ ಗುಣ ಕಂಡದ್ದು ಬೇರಾವುದೋ ಉದ್ದೇಶಕ್ಕೆ ಕೆಲಸ ಮಾಡುವಾಗ. 1970ರ ದಶಕದಲ್ಲಿ ಜಾರ್ಜ್ ಆಂಡ್ರಿಯಾಸೆನ್ ಅದನ್ನು ಹಲ್ಲಿಗೆ ತಂದರು. ಆ ತಾಯಿ ಮಗಳ ಎದುರಿಗೇ ಒಂದು ತುಂಡನ್ನು ತಣ್ಣೀರಿಗೆ ಅದ್ದಿ ಬೆರಳಿನಿಂದ ಸೊಟ್ಟ ಮಾಡಿದೆ. ಸೊಟ್ಟಗೇ ಉಳಿಯಿತು. ಆಮೇಲೆ ಬಿಸಿನೀರಿನ ಲೋಟಕ್ಕೆ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮೊದಲಿನ ಕಮಾನಿಗೆ ಮರಳಿತು. ತಾಯಿ ಮುಂದಕ್ಕೆ ಬಾಗಿ, "ಇನ್ನೊಮ್ಮೆ ತೋರಸ್ರಿ" ಎಂದರು. ಮೂರು ಸಲ ತೋರಿಸಿದೆ. ಬಾಯಿಯ ಬಿಸಿಗೆ ಅದೇ ಕೆಲಸ ನಿಧಾನವಾಗಿ ಆಗುತ್ತದೆ. ವಕ್ರ ಹಲ್ಲುಗಳಿಗೆ ಕಟ್ಟಿದ ತಂತಿ ತನ್ನ ಕಮಾನಿಗೆ ಮರಳುವಾಗ ಹಲ್ಲುಗಳನ್ನೂ ಜೊತೆಗೆ ಕರೆದೊಯ್ಯುತ್ತದೆ.

ನಮ್ಮ ಕಡೆಗೆ ಒಂದು ತೊಂದರೆ ಹೆಚ್ಚು, ಅದನ್ನು ಇಲ್ಲಿ ಹೇಳಲೇಬೇಕು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಹೊತ್ತಿನಲ್ಲಿ, ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮಲ್ ಮೇಲೆ ಸುಣ್ಣದ ಗೀರು, ಕಂದು ಕಲೆ, ಜೋರಾದರೆ ಸಣ್ಣ ಕುಳಿಗಳು ಬೀಳುತ್ತವೆ. ಹೊಲಸು ಎಂದುಕೊಂಡು ಮಕ್ಕಳಿಗೆ ಬೈಯುವವರನ್ನು ಕಂಡಿದ್ದೇನೆ. ಎಷ್ಟು ತಿಕ್ಕಿದರೂ ಅದು ಹೋಗದು, ಮಗುವಿನ ತಪ್ಪೂ ಅಲ್ಲ. ಇಂಥ ಹಲ್ಲಿಗೆ ಕ್ಲಿಪ್ ಅಂಟುವುದು ಕಷ್ಟ. ಅಂಟಿಸುವ ಮೊದಲು 37% ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ ಎನಾಮಲ್ ಅನ್ನು ತುಸು ಒರಟು ಮಾಡುತ್ತೇವೆ. ಫ್ಲೋರೈಡ್ ಹೊಕ್ಕ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಹೆಚ್ಚು ಹೊತ್ತು ಹಚ್ಚಬೇಕು, ಕೆಲವೊಮ್ಮೆ ಮೇಲ್ಪದರವನ್ನು ನವಿರಾಗಿ ಉಜ್ಜಬೇಕು. ಇಷ್ಟೆಲ್ಲ ಮಾಡಿದರೂ ಈ ಹುಡುಗಿಯ ಮೇಲಿನ ಒಂದು ಕ್ಲಿಪ್ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಚ್ಚುವಾಗ ಕಳಚಿತು. ರೊಟ್ಟಿಯಷ್ಟೇ ಕಾರಣವಲ್ಲ, ಆ ಹಲ್ಲಿನ ಬಿಳಿ ಕಲೆಯ ಮೇಲೆ ನಾನು ಇನ್ನಷ್ಟು ಹೊತ್ತು ಆಮ್ಲ ಬಿಡಬೇಕಿತ್ತು. ಎರಡನೆಯ ಸಲ ಬಿಟ್ಟೆ, ನಿಂತಿತು.

ಹಾಗೆಂದು ಬಂದವರಿಗೆಲ್ಲ ಹೂಂ ಎನ್ನಲಾಗದು.

ಮೇಲಿನ ಹಲ್ಲು ಉಬ್ಬಿರುವವರು ಹೆಚ್ಚಾಗಿ ಕೇಳುವುದೂ ಇದನ್ನೇ, "ಮುಂದಿನ ನಾಲ್ಕು ಒಳಗ ತಗೊಳ್ರಿ ಸಾಕು". ಇದು ಹಗ್ಗ ಜಗ್ಗುವ ಆಟ. ಮುಂದಿನ ಹಲ್ಲನ್ನು ಹಿಂದಕ್ಕೆ ಎಳೆಯಬೇಕಾದರೆ ಹಿಂದೆ ಗಟ್ಟಿಯಾಗಿ ಕಾಲೂರಿ ನಿಂತವರು ಬೇಕು, ಅದು ದವಡೆ ಹಲ್ಲುಗಳ ಗುಂಪು. ಅವನ್ನು ಬಿಟ್ಟು ಮುಂದಿನವಕ್ಕಷ್ಟೇ ತಂತಿ ಕಟ್ಟಿದರೆ ಹಲ್ಲುಗಳು ಸಾಲಿಗೆ ಬರುತ್ತವೆ, ಜೊತೆಗೆ ಇನ್ನಷ್ಟು ಮುಂದಕ್ಕೂ ಬರುತ್ತವೆ. ಉಬ್ಬು ಹೆಚ್ಚುತ್ತದೆ. ಇಂಥವರಿಗೆ ಪೂರ್ತಿ ಚಿಕಿತ್ಸೆಯೇ ಬೇಕು, ದವಡೆಯ ಎಲುಬೇ ಮುಂದಿದ್ದರೆ ಅದರ ಹಾದಿ ಬೇರೆ.

"ಮೇಲಿನ ಸಾಲು ಅಷ್ಟೇ ಸಾಕು" ಎನ್ನುವವರಿಗೆ ಒಂದು ಮಾತು. ಮೇಲಿನ ಹಲ್ಲಿನ ಬೆನ್ನಿಗೆ ಕೆಳಗಿನ ಹಲ್ಲಿನ ಅಂಚು ತಾಗುತ್ತಿರುತ್ತದೆ. ಕೆಳಗಿನ ಒಂದು ಹಲ್ಲು ಮುಂದೆ ಚಾಚಿದ್ದರೆ ಅದರೆದುರಿನ ಮೇಲಿನ ಹಲ್ಲು ಒಳಗೆ ಬರಲು ಎಡೆಯೇ ಇರುವುದಿಲ್ಲ. ತುಟಿಯ ಹಿಂದೆ ಮರೆಯಾಗಿರುವ ಕೆಳಸಾಲನ್ನೂ ಅದಕ್ಕೇ ಸರಿಪಡಿಸಬೇಕಾಗುತ್ತದೆ.

ಮೂವತ್ತೈದು ನಲವತ್ತು ದಾಟಿದವರು, "ಮೊದಲು ಇರಲಿಲ್ಲ, ಈಗ ಎರಡು ವರ್ಷದಿಂದ ಮುಂದಿನ ಹಲ್ಲಿನ ನಡುವೆ ಸಂದು ಬಿದ್ದಿದೆ" ಎಂದು ಬಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ವಸಡಿನ ರೋಗ. ಹಲ್ಲು ಹಿಡಿದಿರುವ ಮೂಳೆ ಕರಗುತ್ತಿದ್ದಾಗ ಹಲ್ಲುಗಳು ಬೀಸಣಿಗೆಯಂತೆ ಅಗಲುತ್ತವೆ. ತಂಬಾಕು, ಗುಟ್ಕಾ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಅದನ್ನು ಹೆಚ್ಚಿಸುತ್ತವೆ. ರೋಗ ನಿಲ್ಲುವ ಮೊದಲು ತಂತಿ ಕಟ್ಟಿದರೆ ಉಳಿದ ಮೂಳೆಯೂ ಹೋಗುತ್ತದೆ. ಮೊದಲು ಎಕ್ಸ್‌ರೇ, ವಸಡಿನ ಚಿಕಿತ್ಸೆ, ಆಮೇಲೆ ಕ್ಲಿಪ್.

ಒಂಬತ್ತು ಹತ್ತು ವರ್ಷದ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರಿಗೆ ಎಷ್ಟೋ ಸಲ ಏನೂ ಮಾಡದೆ ಕಳಿಸುತ್ತೇನೆ. ಆ ವಯಸ್ಸಿನಲ್ಲಿ ಮೇಲಿನ ಮುಂದಿನ ಹಲ್ಲುಗಳು ಅಗಲಗಲವಾಗಿ, ಹೊರಕ್ಕೆ ಬಾಗಿ ಕಾಣುವುದು ಸಹಜ. ಕೋರೆಹಲ್ಲು ಮೂಳೆಯೊಳಗಿಂದ ಇಳಿಯುತ್ತ ಪಕ್ಕದ ಬೇರುಗಳನ್ನು ಒತ್ತುತ್ತಿರುತ್ತದೆ. ಹನ್ನೆರಡರ ಸುತ್ತ ಅದು ಹೊರಗೆ ಬಂದಾಗ ಬಹುತೇಕ ಸಂದುಗಳು ತಾವೇ ಮುಚ್ಚುತ್ತವೆ. ಆದರೆ ಮೇಲಿನ ಒಂದು ಹಲ್ಲು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಕೊಂಡಿದ್ದರೆ ಕಾಯಬಾರದು. ಪ್ರತಿ ಸಲ ಕಚ್ಚಿದಾಗಲೂ ಕೆಳಗಿನ ಹಲ್ಲಿಗೆ ಏಟು ಬಿದ್ದು ಅದರ ವಸಡು ಇಳಿಯುತ್ತದೆ. ಅಲ್ಲಿ ನಾಲ್ಕು ಬಾಚಿಹಲ್ಲು, ಎರಡು ದವಡೆ ಹಲ್ಲು ಹಿಡಿದು ಕೆಲವೇ ತಿಂಗಳಲ್ಲಿ ಮುಗಿಸುವ ಕೆಲಸ ಇದೆ.

ಲಗ್ನದ ಅವಸರದಲ್ಲಿ ಕೆಲವರಿಗೆ ಇನ್ನೊಂದು ದಾರಿ ಹೇಳಿರುತ್ತಾರೆ. ಗಟ್ಟಿಮುಟ್ಟಾದ ಹಲ್ಲುಗಳನ್ನು ಸುತ್ತಲೂ ಕೊರೆದು, ಬೇಕಾದರೆ ನರ ತೆಗೆದು, ಮೇಲೆ ಪಿಂಗಾಣಿ ಕ್ಯಾಪ್ ಕೂಡಿಸುವುದು. ವಾರದೊಳಗೆ ಸಾಲು ನೆಟ್ಟಗೆ. ಹಾಗೆ ಮಾಡಿಸಿಕೊಂಡ ಹುಡುಗಿಯೊಬ್ಬಳು ಆರು ವರ್ಷದ ಮೇಲೆ ನನ್ನ ಹತ್ತಿರ ಬಂದಳು. ನಾಲ್ಕು ಕ್ಯಾಪ್‌ಗಳ ಪೈಕಿ ಎರಡರ ಕೆಳಗೆ ಹಲ್ಲು ಹುಳುಕಾಗಿ ವಸಡಿನ ಮಟ್ಟಕ್ಕೆ ಮುರಿದಿತ್ತು. ಅವಳಿಗೆ ಬೇಕಾಗಿದ್ದದ್ದು ಐದು ತಿಂಗಳ ತಂತಿ. ಕೊರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ನಿಮ್ಮ ಮಗಳ ಹಲ್ಲಿನಲ್ಲಿ ಹುಳುಕಿಲ್ಲ, ಮುರಿದಿಲ್ಲ, ಬರೀ ಸೊಟ್ಟಗಿದೆ ಎಂದಾದರೆ ಕೊರೆಸಲು ಒಪ್ಪಬೇಡಿ ಎಂದು ಕೈ ಹಿಡಿದು ಹೇಳುತ್ತೇನೆ.

ತಂತಿಯ ಬದಲು ತೆಗೆದು ಹಾಕುವ ಅಲೈನರ್‌ಗಳೂ, ಅಂದರೆ ಹಲ್ಲಿನ ಸಾಲಿನ ಮೇಲೆ ಕೂಡುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳೂ, ಇಂಥ ಸಣ್ಣ ಕೆಲಸಕ್ಕೆ ಒಳ್ಳೆಯವೇ. ಒಂದೊಂದು ತಟ್ಟೆ ಹಲ್ಲನ್ನು ಕಾಲು ಮಿಲಿಮೀಟರಿನಷ್ಟು ಸರಿಸುತ್ತದೆ, ಒಂದೆರಡು ವಾರಕ್ಕೊಮ್ಮೆ ಹೊಸದು. ದಿನಕ್ಕೆ 20ರಿಂದ 22 ತಾಸು ಬಾಯಲ್ಲಿರಬೇಕು. ಊಟಕ್ಕೆ ತೆಗೆಯಬೇಕು, ಚಹಾಕ್ಕೂ ತೆಗೆಯಬೇಕು. ದಿನಕ್ಕೆ ಆರು ಸಲ ಚಹಾ ಕುಡಿಯುವ ಮನೆಯಲ್ಲಿ ಈ ತಾಸಿನ ಲೆಕ್ಕ ಬಲು ಬೇಗ ತಪ್ಪುತ್ತದೆ. ವಸಡು, ಬೇರು, ಎಕ್ಸ್‌ರೇ ಯಾವುದನ್ನೂ ನೋಡದೆ ಅಚ್ಚು ತರಿಸಿಕೊಂಡು ಮನೆಗೇ ಅಲೈನರ್ ಕಳಿಸುವವರ ಹತ್ತಿರ ಹೋಗಬೇಡಿ.

ಈ ಕೆಲಸಕ್ಕೆ ದಂತವೈದ್ಯ ಪದವಿ ಬಿಡಿಎಸ್ ಆದ ಮೇಲೆ ಇದೇ ವಿಷಯದಲ್ಲಿ ಮೂರು ವರ್ಷ ಎಂಡಿಎಸ್ ಓದಿದ ಆರ್ಥೋಡಾಂಟಿಸ್ಟ್ ಇರುತ್ತಾರೆ. ಖರ್ಚಿನ ಚಿಂತೆ ಇದ್ದವರು ದಂತ ಕಾಲೇಜಿನಲ್ಲಿ ಮೊದಲು ವಿಚಾರಿಸಬಹುದು. ಬೆಳಗಾವಿಯಲ್ಲಿ ಕೆಎಲ್‌ಇ ವಿಶ್ವನಾಥ ಕತ್ತಿ ದಂತ ವಿಜ್ಞಾನ ಸಂಸ್ಥೆ, ಬಾಗಲಕೋಟೆಯಲ್ಲಿ ಪಿಎಂಎನ್‌ಎಂ ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು ಇವೆ.

ತಂತಿ ಇರುವಷ್ಟು ದಿನ ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿಯಬಾರದು. ಖಡಕ್ ರೊಟ್ಟಿಯನ್ನು ಪಲ್ಯದ ರಸದಲ್ಲಿ ನೆನೆಸಿ ತಿನ್ನಬೇಕು, ಕರದಂಟನ್ನು ಸ್ವಲ್ಪ ದಿನ ದೂರ ಇಡಬೇಕು. ಅರಿಶಿನಕ್ಕೆ, ತಂತಿಯನ್ನು ಕ್ಲಿಪ್‌ಗೆ ಹಿಡಿದಿಡುವ ರಬ್ಬರಿನ ಉಂಗುರಗಳು ಹಳದಿಯಾಗುತ್ತವೆ, ಅದಕ್ಕೆ ಹೆದರಬೇಕಿಲ್ಲ, ಮುಂದಿನ ಭೇಟಿಗೆ ಬದಲಿಸುತ್ತೇವೆ. ಎಷ್ಟೋ ವರ್ಷ ಒಂದರ ಮೇಲೊಂದು ಏರಿದ್ದ ಹಲ್ಲುಗಳು ಬಿಡಿಸಿಕೊಂಡಾಗ ವಸಡಿನ ಹತ್ತಿರ ಸಣ್ಣ ಕಪ್ಪು ತ್ರಿಕೋನದ ಕಿಂಡಿ ಕಾಣಬಹುದು. ವಯಸ್ಸಾದವರಲ್ಲಿ ಇದು ಹೆಚ್ಚು. ಮೊದಲೇ ಹೇಳಿರದಿದ್ದರೆ ಕನ್ನಡಿ ನೋಡಿ ಗಾಬರಿಯಾಗುತ್ತಾರೆ.

ಯುಗಾದಿ ಕಳೆದು ಎರಡು ವಾರಕ್ಕೆ ಅವಳ ಕ್ಲಿಪ್ ಬಿಚ್ಚಿದೆ. ಕನ್ನಡಿ ಕೊಟ್ಟೆ. ನಾಲಿಗೆಯಿಂದ ಹಲ್ಲಿನ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ನೋಡಿಕೊಂಡು, ಆಮೇಲೆ ಕನ್ನಡಿ ನೋಡಿದಳು. ತಾಯಿ ಎದ್ದು ಚೀಲ ಹಿಡಿದುಕೊಂಡರು, ಕೆಲಸ ಮುಗಿಯಿತು ಎಂದು.

ಮುಗಿದಿರಲಿಲ್ಲ. ಹಲ್ಲು ಸರಿದ ಜಾಗದಲ್ಲಿ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ವಸಡಿನ ನಾರುಗಳು ಇನ್ನೂ ನಿಧಾನ, ತಿರುಗಿದ್ದ ಹಲ್ಲನ್ನು ಹಳೆಯ ದಿಕ್ಕಿಗೆ ವರ್ಷದವರೆಗೂ ಜಗ್ಗುತ್ತಿರುತ್ತವೆ. ಅದೂ ಅಲ್ಲದೆ ಕ್ಲಿಪ್ ಹಾಕಿಸದವರಲ್ಲೂ ವಯಸ್ಸಾದಂತೆ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗುತ್ತವೆ. ಬುದ್ಧಿ ಹಲ್ಲು ನೂಕಿದ್ದಕ್ಕೆ ಹೀಗಾಯಿತು ಎಂದು ಅದನ್ನು ಕೀಳಿಸುವವರಿದ್ದಾರೆ. ಬುದ್ಧಿ ಹಲ್ಲೇ ಹುಟ್ಟದವರಲ್ಲೂ ಹೀಗೆ ಆಗುತ್ತದೆ. ಮೂವತ್ತರಲ್ಲಿ ಎರಡನೆಯ ಸಲ ಕ್ಲಿಪ್ ಹಾಕಿಸಲು ಬರುವವರನ್ನು ವಿಚಾರಿಸಿದರೆ ಹೆಚ್ಚಿನವರ ಉತ್ತರ ಒಂದೇ, ಸಾಲಿಗೆ ಬಂದ ಹಲ್ಲನ್ನು ಅಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಲಿಲ್ಲ, ಅಥವಾ ಹಾಕಿಕೊಳ್ಳಬೇಕೆಂದು ಯಾರೂ ಒತ್ತಿ ಹೇಳಲಿಲ್ಲ.

ಅವಳ ಕೆಳಸಾಲಿನ ಬೆನ್ನಿಗೆ, ಕೋರೆಯಿಂದ ಕೋರೆಗೆ, ಹೆಣೆದ ಸಣ್ಣ ತಂತಿಯನ್ನು ಅಂಟಿಸಿದೆ. ಮೇಲಿನ ಸಾಲಿಗೂ ಒಂದು, ನಾಲ್ಕು ಹಲ್ಲಿಗೆ. ಹೊರಗೆ ಕಾಣುವುದಿಲ್ಲ. ರಾತ್ರಿ ಹಾಕಿಕೊಳ್ಳಲು ಪಾರದರ್ಶಕ ರಿಟೇನರ್ ಒಂದು ಡಬ್ಬಿಯಲ್ಲಿ ಕೊಟ್ಟೆ, ಬಿಸಿನೀರಿನಲ್ಲಿ ತೊಳೆಯಬಾರದು, ಸೊಟ್ಟಗಾಗುತ್ತದೆ ಎಂದೂ ಹೇಳಿದೆ.

"ಎಷ್ಟ್ ದಿನಾ ಹಾಕ್ಕೋಬೇಕ್ರಿ ಇದು?" ತಾಯಿ ಕೇಳಿದರು.

"ಹಲ್ಲು ನೆಟ್ಟಗ ಇರ್ಬೇಕು ಅನ್ನೂತನಾ."

ಅವರು ಡಬ್ಬಿಯನ್ನು ತೆರೆದು ನೋಡಿ, ಮುಚ್ಚಿ, ಮಗಳ ಬಟ್ಟೆಯ ಚೀಲದಲ್ಲಿ ಇಟ್ಟರು. ಮತ್ತೆ ಯಾವಾಗ ಬರಬೇಕೆಂದು ಕೇಳಿದಾಗ ನಾನು ತಾರೀಖು ಬರೆಯಲಿಲ್ಲ. ಪಂಚಮಿಗೆ ತವರಿಗೆ ಬಂದಾಗ ಒಮ್ಮೆ ತೋರಿಸಿ ಹೋಗು, ಶೇಂಗಾ ಉಂಡಿಯನ್ನು ಮುಂದಿನ ಹಲ್ಲಿನಿಂದ ಕಚ್ಚಬೇಡ, ಕೈಯಲ್ಲಿ ಮುರಿದು ಹಿಂದಿನ ಹಲ್ಲಿಗೆ ಹಾಕಿಕೋ ಎಂದೆ.